ಮ್ಯಾರಥಾನ್‌ನ ಮೂವತ್ತನೇ ಕಿಲೋಮೀಟರಿನಲ್ಲಿ ಕಾಲು ಕೈಕೊಡುವುದೇಕೆ?

ಮೊದಲು ಲೆಕ್ಕ. ಓಡುವಾಗ ಒಂದು ಕೆ.ಜಿ. ತೂಕಕ್ಕೆ, ಒಂದು ಕಿ.ಮೀ.ಗೆ ಸುಮಾರು 1 ಕಿಲೋಕ್ಯಾಲರಿ ಖರ್ಚು. 60 ಕೆ.ಜಿ. ತೂಕದವರು 42.195 ಕಿ.ಮೀ. ಮುಗಿಸಲು 2,500 ಬೇಕು. ಉಗ್ರಾಣದಲ್ಲಿರುವುದೆಷ್ಟು? ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ 100 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಗ್ಲೂಕೋಸ್. ಗ್ರಾಂಗೆ 4ರಂತೆ 2,000. ಕೊಬ್ಬು ಮಾತ್ರ ತೆಳ್ಳಗಿನವರಲ್ಲೂ ಐದಾರು ಕೆ.ಜಿ. ಇರುತ್ತದೆ, ಗ್ರಾಂಗೆ 9ರಂತೆ ಹಿಡಿದರೆ ಹತ್ತಾರು ಮ್ಯಾರಥಾನ್‌ಗೆ ಸಾಕು.

ಇಷ್ಟಿದ್ದೂ ಸೋಲುವುದು ವೇಗದಿಂದ. ಕೊಬ್ಬು ಒಡೆದು, ರಕ್ತದಲ್ಲಿ ಸಾಗಿ, ಜೀವಕೋಶದೊಳಗೆ ಇಂಧನ ಉರಿಸುವ ಮೈಟೊಕಾಂಡ್ರಿಯಾ ಸೇರುವುದು ನಿಧಾನ. ಜೊತೆಗೆ ಒಂದು ಲೀಟರ್ ಆಮ್ಲಜನಕಕ್ಕೆ ಕೊಬ್ಬು ಕೊಡುವುದು 4.7 ಕಿಲೋಕ್ಯಾಲರಿ, ಗ್ಲೂಕೋಸ್ 5. ವೇಗ ಏರಿದಷ್ಟೂ ದೇಹ ಗ್ಲೈಕೋಜನ್‌ಗೇ ಕೈಹಾಕುತ್ತದೆ. ಅದು ಬರಿದಾದ ಮೇಲೆ ಕೊಬ್ಬಿನ ವೇಗದಲ್ಲೇ ಓಡಬೇಕು, ಅಂದರೆ ಬಹುತೇಕ ನಡೆಯಬೇಕು. ಓಟಗಾರರು ಇದನ್ನೇ 'ಗೋಡೆಗೆ ಬಡಿದೆ' ಎನ್ನುವುದು.

ಹಲವರು ಎಡವುವ ಜಾಗ: ಸ್ನಾಯುವಿನ ಗ್ಲೈಕೋಜನ್ ಗ್ಲೂಕೋಸಾಗಿ ರಕ್ತಕ್ಕೆ ಇಳಿಯುವುದಿಲ್ಲ. ಅದಕ್ಕೆ ಬೇಕಾದ ಗ್ಲೂಕೋಸ್-6-ಫಾಸ್ಫಟೇಸ್ ಕಿಣ್ವ ಸ್ನಾಯುವಿನಲ್ಲಿಲ್ಲ, ಯಕೃತ್ತಿನಲ್ಲಿದೆ. ತೋಳಿನಲ್ಲಿ ದಾಸ್ತಾನು ಉಳಿದಿದ್ದರೂ ಕಾಲು ಬರಿದಾಗುವುದು ಹೀಗೆ. (ಲ್ಯಾಕ್ಟೇಟ್ ಎಂಬ ಬೇರೆ ರಾಸಾಯನಿಕವಾಗಿ ಸ್ವಲ್ಪ ಹೊರಬರುತ್ತದೆ, ಆ ಮಾತು ಬೇರೆ.) ಯಕೃತ್ತೂ ಖಾಲಿಯಾದರೆ ಪೆಟ್ಟು ಮೆದುಳಿಗೆ: ತಲೆಸುತ್ತು, ಗಲಿಬಿಲಿ. 1924ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತ ಪರೀಕ್ಷಿಸಿದಾಗ ಹಲವರಲ್ಲಿ ಸಕ್ಕರೆ ಇಳಿದಿತ್ತು. ಮರುವರ್ಷ ದಾರಿಯಲ್ಲಿ ಮಿಠಾಯಿ ತಿನ್ನಿಸಿದಾಗ ಆ ಸ್ಥಿತಿ ತಪ್ಪಿತು.

ಹಾಗೆಂದು ಸಿಕ್ಕಷ್ಟು ಸಕ್ಕರೆ ಸುರಿದರೆ ಆಗದು. ಕರುಳು ಗ್ಲೂಕೋಸನ್ನು ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಒಳಗೆ ಬಿಡುತ್ತದೆ. ಫ್ರಕ್ಟೋಸ್‌ಗೆ ಬೇರೆ ಬಾಗಿಲು; ಎರಡೂ ಸೇರಿದರೆ, ಅಭ್ಯಾಸವಿದ್ದವರಿಗೆ 90 ಗ್ರಾಂವರೆಗೆ ದಕ್ಕುತ್ತದೆ. ಅಡುಗೆಮನೆಯ ಸಕ್ಕರೆಯಲ್ಲಿ ಎರಡೂ ಇವೆ. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಮೊದಲ ಅರ್ಧಗಂಟೆಯಿಂದಲೇ, 20 ನಿಮಿಷಕ್ಕೊಮ್ಮೆ 200 ಮಿ.ಲೀ. ಗಂಟೆಗೆ 36 ಗ್ರಾಂ ಆಯಿತು, ಉಳಿದದ್ದಕ್ಕೆ ಬಾಳೆಹಣ್ಣಿದೆ. ಸಕ್ಕರೆ ದುಪ್ಪಟ್ಟು ಮಾಡಿದರೆ ಜಠರ ನಿಧಾನವಾಗಿ ಖಾಲಿಯಾಗಿ ಹೊಟ್ಟೆ ಉಬ್ಬರಿಸುತ್ತದೆ.

ಓಟದ ಹಿಂದಿನ ಎರಡು ದಿನ, ದಿನಕ್ಕೆ ಕೆ.ಜಿ. ತೂಕಕ್ಕೆ 8–10 ಗ್ರಾಂ ಕಾರ್ಬೋಹೈಡ್ರೇಟ್ ತುಂಬಿಸಬೇಕು. ಅನ್ನ, ಇಡ್ಲಿ ಸರಿ. ತುಪ್ಪ ಸುರಿದ ಬಿಸಿಬೇಳೆಬಾತ್ ಬೇಡ, ಕೊಬ್ಬಿಗೇ ಹೊಟ್ಟೆ ತುಂಬಿಬಿಡುತ್ತದೆ. ನಾರು ಹೆಚ್ಚಿರುವ ಮುದ್ದೆಯೂ ಆ ಎರಡು ದಿನ ಕಡಿಮೆಯಿರಲಿ. ಒಂದೆರಡು ಕೆ.ಜಿ. ಏರಿದ್ದು ಕಂಡು ಹೆದರಿ ಊಟ ಬಿಡುವವರಿದ್ದಾರೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಕೂರುತ್ತದೆ; ಏರಿದ್ದರಲ್ಲಿ ಬಹುಪಾಲು ಅದೇ.