ಮೊಬೈಲ್ ಕೊಟ್ಟರೆ ಕೂರ್ತಾನೆ, ಮಗ್ಗಿಗೆ ಯಾಕೆ ಕೂರಲ್ಲ?

ವಿಜಯಪುರದ ನನ್ನ ಕ್ಲಿನಿಕ್ಕಿಗೆ ಬರುವ ತಾಯಂದಿರು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ. 'ಭಾಳ ಉಡಾಳ ಅದಾನ್ರಿ, ಒಂದ ಕಡೆ ಕೂಡಂಗಿಲ್ಲ. ಆದ್ರ ಮೊಬೈಲ್ ಕೊಟ್ಟರ ಎರಡು ತಾಸು ಅಲ್ಲಾಡಂಗಿಲ್ಲ ನೋಡ್ರಿ.' ಅಂದರೆ ಇವನಿಗೆ ಗಮನ ಇದೆ, ಬೇಕಂತಲೇ ಹೀಗೆ ಮಾಡ್ತಾನೆ ಅನ್ನೋದು ಅವರ ಲೆಕ್ಕ.

ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ, ಇಲ್ಲವೇ ಚಡಪಡಿಕೆ, ದುಡುಕು ಜಾಸ್ತಿ ಇರುವ ತೊಂದರೆ) ಇರುವ ಮಕ್ಕಳಿಗೂ ಗಮನ ಇರುತ್ತದೆ, ಅದನ್ನು ಬೇಕಾದ ಕಡೆ ತಿರುಗಿಸಿ ಹಿಡಿದಿಡೋದೇ ಕಷ್ಟ. ಗೇಮ್‌ನಲ್ಲಿ ಕ್ಷಣಕ್ಷಣಕ್ಕೂ ಏನಾದರೂ ಸಿಗುತ್ತದೆ. ಏಳರ ಮಗ್ಗಿ ಬರೆದರೆ ಏನು ಸಿಗುತ್ತದೆ ಹೇಳಿ?

ಹಾಗಂತ ಓಡಾಡುವ ಮಕ್ಕಳಿಗೆಲ್ಲ ಇದೇ ಅಂತಲ್ಲ. 12 ವರ್ಷದೊಳಗೇ ಲಕ್ಷಣ ಕಂಡಿರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, ಮನೆಯಲ್ಲೂ ಶಾಲೆಯಲ್ಲೂ ತೊಂದರೆ ಆಗ್ತಿರಬೇಕು. ಶಾಲೆಯಲ್ಲಿ ಮಾತ್ರ ಅಂದರೆ ನಾನು ಮೊದಲು ಕಣ್ಣು, ಕಿವಿ, ನಿದ್ದೆ, ಓದು ಬರಹದ ತೊಡಕು ನೋಡುತ್ತೇನೆ. ಸ್ಕ್ಯಾನ್ ಮಾಡಿಸೋಣ ಅನ್ನಬೇಡಿ, ಅದರಲ್ಲಿ ಇದು ಗೊತ್ತಾಗಲ್ಲ. ಇನ್ನು ಕಿಟಕಿ ನೋಡುತ್ತ ಕೂತಿರುವ ಸಪ್ಪಗಿನ ಹುಡುಗಿ, ಅವಳಿಗೂ ಇರಬಹುದು. ಗಲಾಟೆ ಮಾಡಲ್ಲ ಅಲ್ವಾ, ಯಾರೂ ಕರ್ಕೊಂಡು ಬರಲ್ಲ. ಮನೆತನದಲ್ಲಿ ಹರಿದು ಬರೋದೂ ಉಂಟು. 'ಇವರಪ್ಪನೂ ಹಿಂಗ ಇದ್ದ' ಅಂತ ಅಜ್ಜಿ ಅಂದಾಗ ಅಪ್ಪ ಸುಮ್ನೆ ನೆಲ ನೋಡ್ತಾನೆ.

ಒಬ್ಬ ತಾಯಿ ರೊಟ್ಟಿ ಬಡಿಯುತ್ತಲೇ ಒಳಗಿಂದ ಕೂಗುತ್ತಿದ್ದರಂತೆ: 'ಬೂಟು ಬಿಚ್ಚು, ಕೈಕಾಲು ತೊಳಿ, ಡಬ್ಬಿ ತಗದಿಡು, ಹೋಂವರ್ಕ್ ತಗಿ.' ನಾಲ್ಕು ಕೆಲಸ, ಒಂದೇ ಉಸಿರು. ಹುಡುಗ ಒಂದು ಬೂಟು ಬಿಚ್ಚಿ, ಇನ್ನೊಂದು ಕಾಲಲ್ಲೇ ಇರುವಾಗ ಗೋಡೆಯ ಹಲ್ಲಿ ನೋಡುತ್ತ ನಿಂತುಬಿಡ್ತಿದ್ದ. ಹಿಟ್ಟಿನ ಕೈಯಲ್ಲೇ ಹತ್ತಿರ ಹೋಗಿ, ಮುಖ ನೋಡಿ, ಒಂದೇ ಕೆಲಸ ಹೇಳಿ ಅಂದೆ. ಅದು ಮುಗಿದ ಕೂಡಲೇ ಶಹಬ್ಬಾಸ್, ಆಮೇಲೆ ಎರಡನೇದು. ರವಿವಾರ ಗೋಳಗುಮ್ಮಟಕ್ಕೆ ಕರ್ಕೊಂಡು ಹೋಗ್ತೀನಿ ಅನ್ನೋ ದೂರದ ಆಸೆ ಈ ಮಕ್ಕಳಿಗೆ ನಾಟಲ್ಲ. ಹೋಂವರ್ಕ್ 10 ನಿಮಿಷ ಆಯ್ತಾ, ನೀರು ತರೋಕೆ ಎಬ್ಬಿಸಿ. ಮುಂದಿನ ಸಲ ಬಂದಾಗ 'ರೊಟ್ಟಿ ಸೀಯೂದು ಜಾಸ್ತಿ ಆಗೇತ್ರಿ, ಬೈಗಳ ಕಮ್ಮಿ ಆಗೇತಿ' ಅಂತ ಆಕೆ ನಕ್ಕರು.

ಮಾತ್ರೆ ಎಲ್ಲರಿಗೂ ಬೇಕಿಲ್ಲ. 6 ವರ್ಷದೊಳಗಿನವರಾದರೆ ಮೊದಲು ಅಪ್ಪ ಅಮ್ಮನಿಗೇ ತರಬೇತಿ. ದೊಡ್ಡ ಮಕ್ಕಳಿಗೆ ತೊಂದರೆ ಜಾಸ್ತಿ ಇದ್ದರೆ ಗಮನ ಹಿಡಿದಿಡಲು ನೆರವಾಗುವ ಮಿಥೈಲ್‌ಫೆನಿಡೇಟ್ ಬರೆಯುತ್ತೇವೆ. ಹಸಿವು ಕಮ್ಮಿ ಆಗಬಹುದು, ಹಾಗಾಗಿ ಬೆಳಿಗ್ಗೆ ನಾಷ್ಟಾ ಆದ ಮೇಲೆ ಕೊಡೋದು. ತಡವಾಗಿ ಕೊಟ್ಟರೆ ರಾತ್ರಿ ನಿದ್ದೆ ಬರಲ್ಲ. ತೂಕ, ಎತ್ತರ ಆಗಾಗ ನೋಡುತ್ತೇವೆ. 'ಹುಡುಗ ಮಂಕಾಗ್ತಾನೇನ್ರಿ?' ಅಂತ ಕೇಳ್ತೀರಿ. ಮಂಕಾದರೆ ಡೋಸ್ ಅವನಿಗೆ ಸರಿಹೊಂದಿಲ್ಲ ಅಂತ, ನೀವೇ ನಿಲ್ಲಿಸಬೇಡಿ, ಬಂದು ಹೇಳಿ.