ಮಲೆನಾಡಿನ ಶಾಲೆಗೆ ಯಾವ ತಿಂಗಳು ರಜೆ ಬೇಕು?

ಶಾಲೆಯ ದಾಖಲೆಗಳಲ್ಲಿ ‘2025-26ನೇ ಸಾಲು’ ಅಂತ ಬರೆದಿರುತ್ತಾರಲ್ಲ, ಶೈಕ್ಷಣಿಕ ವರ್ಷ ಅಂದರೆ ಅದೇ. ನಮ್ಮಲ್ಲಿ ಜೂನ್ ಹೊತ್ತಿಗೆ ಶುರುವಾಗಿ ಮುಂದಿನ ಏಪ್ರಿಲ್‌ಗೆ ಮುಗಿಯುತ್ತದೆ. ಅದಕ್ಕೇ ಎರಡು ಇಸವಿ. ನಡುವೆ ದಸರಾ ರಜೆ.

ಬೇಸಿಗೆ ರಜೆಗೆ ಕಾರಣ ಬಿಸಿಲು. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿ 23.5 ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುವುದರಿಂದ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಗೆ ಬರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ. ಆಗಸ್ಟ್‌ನಲ್ಲಿ ಮೋಡ ಅಡ್ಡ ಇರುತ್ತದೆ. ಏಪ್ರಿಲ್‌ನಲ್ಲಿ ಆ ಮರೆ ಇಲ್ಲ. ಬಯಲುಸೀಮೆಯ ಮಕ್ಕಳಿಗೆ ಆಗ ರಜೆ ಬೇಕೇ ಬೇಕು.

ಆದರೆ ಘಟ್ಟದ ಅಂಚಿನಲ್ಲಿ ಕಷ್ಟ ಬರುವುದು ಮಳೆಯಿಂದ. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಜುಲೈನಲ್ಲಂತೂ ಹಳ್ಳ ತುಂಬಿ ಕಾಲುಸಂಕ ದಾಟುವುದೇ ಅಪಾಯ. ಶಾಲೆ ಶುರುವಾಗಿ ಇನ್ನೂ ಒಂದು ತಿಂಗಳು ಆಗಿರುತ್ತದಷ್ಟೆ!

ಆಗ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ. ಅದು ಬೇಕಾದದ್ದೇ. ಆದರೆ ಹೋದ ಪಾಠದ ದಿನ ತುಂಬಿಕೊಡಬೇಕಲ್ಲ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಹಾಗಾಗಿ ಶನಿವಾರ ಮಧ್ಯಾಹ್ನ, ಕೆಲವೊಮ್ಮೆ ಭಾನುವಾರವೂ ಪಾಠ. ಜೊತೆಗೆ, ದಿಢೀರ್ ರಜೆ ಬಂದ ದಿನ ಮಕ್ಕಳ ಬಿಸಿಯೂಟವೂ ತಪ್ಪುತ್ತದೆ.

ಹಿಮಾಚಲ ಪ್ರದೇಶದಲ್ಲಿ ಇದಕ್ಕೊಂದು ದಾರಿ ಇದೆ. ಅಲ್ಲಿ ಕೆಲವು ಶಾಲೆಗಳಿಗೆ ದೊಡ್ಡ ರಜೆ ಬೇಸಿಗೆಯಲ್ಲಿ, ಹಿಮ ಬೀಳುವ ಕಡೆಯ ಶಾಲೆಗಳಿಗೆ ಚಳಿಗಾಲದಲ್ಲಿ. ಒಂದೇ ರಾಜ್ಯ, ಎರಡು ವೇಳಾಪಟ್ಟಿ. ಆಗುಂಬೆ, ಹುಲಿಕಲ್ ಕಡೆಗೂ ಹೀಗೆ ಮಾಡಬಹುದಲ್ವಾ? ಬೇಸಿಗೆ ರಜೆಯಲ್ಲಿ ಎರಡು-ಮೂರು ವಾರ ಕಡಿಮೆ ಮಾಡಿ ಜುಲೈಗೆ ಕೊಟ್ಟರಾಯಿತು. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಮಾತ್ರ ಶಾಲೆ ನಡೆಸಿದರೆ ಬಿಸಿಲಿನ ಕಾಟವೂ ಇಲ್ಲ. ದಿನಗಳ ಲೆಕ್ಕ ಅಷ್ಟೇ ಉಳಿಯುತ್ತದೆ. ರಜೆ ಯಾವಾಗ ಎಂದು ಅಪ್ಪ-ಅಮ್ಮನಿಗೂ ಮೇಷ್ಟ್ರಿಗೂ ಮೊದಲೇ ಗೊತ್ತಿರುತ್ತದೆ. ಇದನ್ನು ಜಿಲ್ಲೆಗೆಲ್ಲ ಒಟ್ಟಿಗೆ ಮಾಡುವುದು ಬೇಡ, ಮಳೆಯ ಅಂಕಿ ನೋಡಿ ಹೋಬಳಿವಾರು ತೀರ್ಮಾನಿಸಲಿ.