ಕಮ್ಯುಟೇಟರ್ ನೋಡದೆ ಟೈಮಿಂಗ್ ಮುಟ್ಟಬೇಡಿ

ಬಳ್ಳಾರಿಯಲ್ಲಿ ರಿಮೋಟ್ ಕಾರು ಓಡಿಸುವ ಹುಡುಗರು ನನ್ನ ಮೋಟಾರ್ ವೈಂಡಿಂಗ್ ಅಂಗಡಿಗೆ ಬಂದರೆ ಬಹುತೇಕ ಒಂದೇ ಬೇಡಿಕೆ: "ಅಣ್ಣಾ, ಪಿಕಪ್ ಬಿದ್ದೈತಿ, ಟೈಮಿಂಗ್ ಸ್ವಲ್ಪ ಮುಂದಕ್ಕ ಮಾಡಿಕೊಡ್ರಿ." ಟೈಮಿಂಗ್ ಎಂದರೆ ಮೋಟಾರಿನ ಸುರುಳಿಗಳಿಗೆ ಕರೆಂಟ್ ಬದಲಾಗುವ ಗಳಿಗೆ. ನಾನು ಮೊದಲು ಕಾರ್ಬನ್ (ಕರೆಂಟ್ ಮುಟ್ಟಿಸುವ ತುಂಡು, ಬ್ರಷ್) ಬಿಚ್ಚಿ ಕಮ್ಯುಟೇಟರ್ ನೋಡುತ್ತೇನೆ, ಅಂದರೆ ಅಚ್ಚಿನ ಜೊತೆ ತಿರುಗುತ್ತಾ ಕಾರ್ಬನ್ನಿನಿಂದ ಸುರುಳಿಗೆ ಕರೆಂಟ್ ಕೊಡುವ ತಾಮ್ರದ ಉರುಳೆ. ಸಾಮಾನ್ಯವಾಗಿ ರೋಗ ಅಲ್ಲೇ ಇರುತ್ತದೆ.

ಈ ಕಾರುಗಳಲ್ಲಿ ಹಾಕುವ 540 ಗಾತ್ರದ ಮೋಟಾರಿನ ಕಮ್ಯುಟೇಟರಿಗೆ ಮೂರು ತಾಮ್ರದ ತುಂಡು. ತಿಳಿಕಂದು ಬಣ್ಣದ ನುಣುಪು ಇದ್ದರೆ ಕೈ ಹಚ್ಚಬೇಡಿ, ಅದು ಆರೋಗ್ಯದ ಗುರುತು. ಕರಿ ಕಲೆ, ಗೀರು ಇದ್ದರೆ ಕಿಡಿ ಹಾರಿದೆ ಎಂದರ್ಥ. ಆಗ ಸಣ್ಣ ಲೇತಿನಲ್ಲಿ ತೀರಾ ತೆಳುವಾಗಿ ಒಂದು ಪದರ ತೆಗೆದು, ತುಂಡುಗಳ ನಡುವಿನ ಸಂದಿಯಲ್ಲಿ ಕೂತ ಪುಡಿಯನ್ನು ಬಿಡಿಸಬೇಕು. ಆ ಪುಡಿಯೇ ಪಕ್ಕದ ತುಂಡಿಗೆ ಕರೆಂಟ್ ದಾಟಿಸುತ್ತದೆ. ಎಮರಿ ಕಾಗದದಿಂದ ಉಜ್ಜುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದುಂಡು ಕೆಡುತ್ತದೆ, ಕಾಗದದ ಕಣ ಸಂದಿಯಲ್ಲೇ ಉಳಿಯುತ್ತದೆ.

ನಮ್ಮೂರಿನ ಕೆಂಪು ಧೂಳು ಬೇರೆ. ಅದಿರಿನ ಈ ಧೂಳಿನಲ್ಲಿ ಮೋಟಾರಿನೊಳಗಿನ ಅಯಸ್ಕಾಂತಕ್ಕೆ ಅಂಟುವ ಕಣಗಳೂ ಇರುತ್ತವೆ. ಬಟ್ಟೆ ಕೊಡವಿದಂತೆ ಕೊಡವಿದರೆ ಅವು ಹೋಗುವುದಿಲ್ಲ. ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸಿದ ದಿನವೇ ಕ್ಲೀನರ್ ಸ್ಪ್ರೇ ಹೊಡೆದು, ಒಣಗಿಸಿ, ಎರಡೂ ಬುಷ್‌ಗಳಿಗೆ (ಅಚ್ಚು ಕೂತು ತಿರುಗುವ ಬಳೆಗಳಿಗೆ) ಒಂದೊಂದೇ ಹನಿ ಎಣ್ಣೆ ಬಿಡಿ. ಹೆಚ್ಚಾದ ಎಣ್ಣೆ ಕಮ್ಯುಟೇಟರಿಗೆ ಹರಿದು ಕಾರ್ಬನ್ ಪುಡಿಯನ್ನು ಕೆಸರು ಮಾಡುತ್ತದೆ.

ಹೊಸ ಕಾರ್ಬನ್ ಹಾಕಿದ ತಕ್ಷಣ ರೇಸಿಗೆ ಇಳಿಸಬೇಡಿ. ಪಿನಿಯನ್ (ಮೋಟಾರಿನ ಅಚ್ಚಿನ ಚಿಕ್ಕ ಹಲ್ಲುಗಾಲಿ) ಬಿಚ್ಚಿ, ಲೋಡ್ ಇಲ್ಲದೆ, 2ರಿಂದ 3 ವೋಲ್ಟಿನಲ್ಲಿ ತಿರುಗಲು ಬಿಡಿ. ಕಾರ್ಬನ್ನಿನ ಮುಖ ಕಮ್ಯುಟೇಟರಿನ ಬಾಗಿಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಪೂರ್ತಿ ಕರೆಂಟ್ ಸಣ್ಣ ಜಾಗದಲ್ಲೇ ಹರಿದು ಸುಡುತ್ತದೆ. ಎರಡು ಕಾರ್ಬನ್ ಕರಾರುವಾಕ್ಕಾಗಿ ಎದುರುಬದುರು ಇವೆಯೇ ಎಂದೂ ನೋಡಿ. ಸ್ಪ್ರಿಂಗ್ ಬಿಗಿಯಾದರೆ ತಿಕ್ಕಾಟ ಹೆಚ್ಚಿ ವೇಗ ಇಳಿಯುತ್ತದೆ, ಸಡಿಲಾದರೆ ಕಾರ್ಬನ್ ಕುಣಿದು ಕಿಡಿ ಹಾರುತ್ತದೆ. ಕಾರ್ಬನ್ನಿನ ತಂತಿ ನೀಲಿ ತಿರುಗಿದ್ದರೆ ಬಿಸಿ ಮಿತಿ ಮೀರಿದೆ, ಎರಡನ್ನೂ ಬದಲಿಸಿ.

ಇಷ್ಟೆಲ್ಲ ಸರಿಯಾದ ಮೇಲೆ ಟೈಮಿಂಗ್. ಮುಚ್ಚಿದ ಡಬ್ಬಿಯ ಅಗ್ಗದ ಮೋಟಾರಿನಲ್ಲಿ ಅದು ಸಾಧ್ಯವೇ ಇಲ್ಲ. ಬಿಚ್ಚುವಂಥದ್ದರಲ್ಲಿ ಕಾರ್ಬನ್‌ಗಳಿರುವ ಹಿಂಬದಿಯ ಮುಚ್ಚಳವನ್ನು ಮೋಟಾರ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸರಿಸಿದರೆ ವೇಗ ಹೆಚ್ಚುತ್ತದೆ, ಜೊತೆಗೆ ಕರೆಂಟೂ ಬಿಸಿಯೂ ಏರುತ್ತವೆ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಫೆರೈಟ್ ಮ್ಯಾಗ್ನೆಟ್ಟಿನ ಬಲ ಪ್ರತಿ 10 ಡಿಗ್ರಿಗೆ ಸುಮಾರು ಶೇ 2ರಷ್ಟು ತಗ್ಗುತ್ತದೆ, ತಾಮ್ರದ ತಡೆ ಶೇ 4ರಷ್ಟು ಏರುತ್ತದೆ. ಹಾಗಾಗಿ ಜನವರಿಯ ಟೈಮಿಂಗ್ ಮೇ ತಿಂಗಳಿಗೆ ಹೊಂದುವುದಿಲ್ಲ. ಬೇಸಿಗೆಯಲ್ಲಿ ನಾನು ಟೈಮಿಂಗ್ ಹಿಂದಕ್ಕೆ ತಂದು, ಪಿನಿಯನ್ ಒಂದು ಹಲ್ಲು ಚಿಕ್ಕದು ಹಾಕಿ ಕೊಡುತ್ತೇನೆ. ನೇರ ದಾರಿಯ ತುದಿಯಲ್ಲಿ ಸ್ವಲ್ಪ ವೇಗ ಕಳೆದರೂ ಕೊನೆಯ ಸುತ್ತಿನವರೆಗೆ ಪಿಕಪ್ ನಿಲ್ಲುತ್ತದೆ.